ಅಜ್ಜಿಯ ಹೆಸರಿನ ಮಗುವನ್ನು ಏನೆಂದು ಕರೆಯೋಣ?

ಉತ್ತರ ಫ್ರಾನ್ಸಿನ ವಲಾನ್ಸಿಯೆನ್ ಎಂಬ ಊರಿನ ನ್ಯಾಯಾಲಯ ಹೆಣ್ಣುಮಕ್ಕಳ ಹೆಸರಿನ ಬಗ್ಗೆ ಕೊಟ್ಟ ಎರಡು ತೀರ್ಪುಗಳು 2015ರ ಜನವರಿಯಲ್ಲಿ ಪತ್ರಿಕೆಗಳ ಸುದ್ದಿಯಾದವು. ಒಂದು ದಂಪತಿ ಮಗಳಿಗೆ ‘ಫ್ರೆಝ್’ ಎಂದು ಹೆಸರಿಟ್ಟಿದ್ದರು. ಫ್ರೆಝ್ ಎಂದರೆ ಸ್ಟ್ರಾಬೆರಿ. ಅಲ್ಲಿನ ಆಡುಮಾತಿನಲ್ಲಿ ಆ ಹಣ್ಣಿನ ಹೆಸರು ಹಿಡಿದು ಜರೆಯುವ ಒಂದು ಒರಟು ಮಾತಿದೆ. ಶಾಲೆಯಲ್ಲಿ ಮಗುವನ್ನು ಅದರಿಂದಲೇ ಗೋಳುಹೊಯ್ದುಕೊಳ್ಳುತ್ತಾರೆ ಎಂದು ಹೇಳಿ ನ್ಯಾಯಾಧೀಶರು ಆ ಹೆಸರನ್ನು ಒಪ್ಪಲಿಲ್ಲ. ತಂದೆ ತಾಯಿ ಅದನ್ನು ‘ಫ್ರೆಝೀನ್’ ಎಂದು ಬದಲಿಸಿದರು. 19ನೇ ಶತಮಾನದಲ್ಲಿ ಚಾಲ್ತಿಯಲ್ಲಿದ್ದು ಮರೆತುಹೋದ ಹೆಸರು ಅದು. ಇನ್ನೊಂದು ಮಗುವಿಗೆ ‘ನುಟೆಲ್ಲಾ’ ಎಂದು ಚಾಕೊಲೇಟ್ ಡಬ್ಬಿಯ ಹೆಸರಿಟ್ಟಿದ್ದರು. ಆ ಪೋಷಕರು ವಿಚಾರಣೆಗೆ ಬರಲಿಲ್ಲ. ನ್ಯಾಯಾಲಯವೇ ಹೆಸರಿನ ಮುಂಭಾಗ ಕತ್ತರಿಸಿ ಹಿಂಭಾಗ ಉಳಿಸಿತು. ಮಗು ‘ಎಲ್ಲಾ’ ಆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಹೊಸದೇನನ್ನೋ ಹುಡುಕಿ ಸಿಕ್ಕಿಬಿದ್ದ ಪೋಷಕರಿಗೆ ದಾರಿ ಸಿಕ್ಕಿದ್ದು ಮುತ್ತಜ್ಜಿಯ ಕಾಲದ ಹೆಸರಿನಲ್ಲಿ. ನ್ಯಾಯಾಧೀಶರು ಹೆಸರನ್ನು ಚಿಕ್ಕದು ಮಾಡಿದಾಗ ಉಳಿಸಿಕೊಂಡದ್ದು ಅದರ ಬಾಲವನ್ನು. ಹಳೆಯ ಫ್ರೆಂಚ್ ಹೆಸರು ಹೊತ್ತ ಹುಡುಗಿಗೆ ಮುದ್ದು ಹೆಸರು ಹುಡುಕುವವರು ಈ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಫ್ರಾನ್ಸಿನಲ್ಲಿ ಹಳೆಯ ಹೆಸರುಗಳು ಹಿಂದಿರುಗಿವೆ. 1900ರ ಆಸುಪಾಸಿನ ಜನನ ದಾಖಲೆ ತುಂಬ ಕಾಣುತ್ತಿದ್ದ ಲೂಯೀಝ್ ಈಚಿನ ವರ್ಷಗಳಲ್ಲಿ ಮತ್ತೆ ಪಟ್ಟಿಯ ತುದಿಗೆ ಬಂದು ನಿಂತಿದೆ. ಝಾನ್, ರೋಝ್, ಆಲೀಸ್, ಸುಝಾನ್, ಮಾದ್ಲೆನ್, ಜೋಸೆಫೀನ್ ಕೂಡ ಶಿಶುವಿಹಾರಗಳಲ್ಲಿ ಕೇಳಿಬರುತ್ತಿವೆ. ಹೆಸರುಗಳ ಏರಿಳಿತವನ್ನು ಅಂಕಿಅಂಶ ಹಿಡಿದು ಅಧ್ಯಯನ ಮಾಡಿದ ಫಿಲಿಪ್ ಬೆನಾರ್ ಮತ್ತು ಗಿ ದೆಪ್ಲಾಂಕ್ 1980ರ ದಶಕದಲ್ಲೇ ಈ ಚಕ್ರದ ಬಗ್ಗೆ ಬರೆದಿದ್ದರು. ಅಮ್ಮನ ತಲೆಮಾರಿನ ಹೆಸರು ಹಳಸಲು ಅನಿಸುತ್ತದೆ, ಅಜ್ಜಿಯದು ಮುದಿ ಅನಿಸುತ್ತದೆ. ಮುತ್ತಜ್ಜಿಯ ಹೆಸರು ಮಾತ್ರ ಅಷ್ಟು ಹೊತ್ತಿಗೆ ಎಲ್ಲ ನೆನಪುಗಳಿಂದ ಬಿಡಿಸಿಕೊಂಡು ಹೊಸದಾಗಿ ಕೇಳಿಸುತ್ತದೆ. ಹೆಚ್ಚುಕಡಿಮೆ ನೂರು ವರ್ಷದ ಸುತ್ತು.

ಆದರೆ ಹೆಸರಿನ ಜೊತೆ ಮುದ್ದು ಹೆಸರು ತಾನಾಗಿ ಹಿಂದಿರುಗುವುದಿಲ್ಲ. ಅದು ದಾಖಲೆಯಲ್ಲಿ ಇರಲೇ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು. ಅಜ್ಜಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಹೇಳಲು ಯಾರೂ ಉಳಿದಿರುವುದಿಲ್ಲ. ಹಾಗಾಗಿ ಇಂದಿನ ಪೋಷಕರು ಇಂಗ್ಲಿಷ್ ಧಾರಾವಾಹಿಗಳ ರೂಢಿಗೆ ಬಿದ್ದು ಮಾದ್ಲೆನ್‌ಗೆ ಮ್ಯಾಡಿ, ಜೋಸೆಫೀನ್‌ಗೆ ಜೋಸಿ, ಶಾರ್ಲೋತ್‌ಗೆ ಚಾರ್ಲಿ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅಷ್ಟು ಚೆಂದದ ಹಳೆಯ ಹೆಸರನ್ನು ಹುಡುಕಿ ತಂದು, ಕರೆಯುವಾಗ ಅದರ ರಾಗವನ್ನೇ ಬಿಟ್ಟುಬಿಡುವುದು ನನಗೆ ನಷ್ಟವಾಗಿ ಕಾಣುತ್ತದೆ.

ಆ ರಾಗ ಎಲ್ಲಿದೆ? ಫ್ರೆಂಚ್ ಮಾತಿನಲ್ಲಿ ಒತ್ತು ಬೀಳುವುದು ಕೊನೆಯ ಅಕ್ಷರದ ಮೇಲೆ. ಆಡಲು ಕಲಿಯುತ್ತಿರುವ ಮಗುವಿಗೆ ಉದ್ದನೆಯ ಹೆಸರಿನಲ್ಲಿ ಸ್ಪಷ್ಟವಾಗಿ ಕೇಳುವುದು ಆ ಕೊನೆಯೇ. ಅದನ್ನೇ ಹಿಡಿದು ಎರಡು ಸಲ ಹೇಳುತ್ತದೆ. ಶಾರ್ಲೋತ್‌ನಿಂದ ಲೋಲೋತ್, ಜೋಸೆಫೀನ್‌ನಿಂದ ಫಿಫೀನ್, ಓಗುಸ್ತೀನ್ ಅಥವಾ ಎರ್ನೆಸ್ತೀನ್‌ನಿಂದ ತಿತೀನ್ ಹುಟ್ಟುವುದು ಹೀಗೆ. ನಮ್ಮಲ್ಲಿ ಇದು ತಿರುಗುಮುರುಗು. ಸರಸ್ವತಿ ಸರಸು ಆಗುತ್ತಾಳೆ, ಪಾರ್ವತಿ ಪಾರು, ರುಕ್ಮಿಣಿ ರುಕ್ಕು, ಜಾನಕಿ ಜಾನು. ತಲೆ ಉಳಿಸಿಕೊಂಡು ಬಾಲ ಬಿಡುತ್ತೇವೆ, ಕೊನೆಗೊಂದು ಉಕಾರವನ್ನೋ ಇಕಾರವನ್ನೋ ಅಂಟಿಸುತ್ತೇವೆ. ಕನ್ನಡದ ಕಿವಿಯಿಂದ ಫ್ರೆಂಚ್ ಹೆಸರು ಕೇಳುವಾಗ ನಾವು ಮೊದಲಕ್ಷರಕ್ಕೇ ಕೈ ಹಾಕುವುದು ಇದೇ ಅಭ್ಯಾಸದಿಂದ. ಅಲ್ಲಿಯೂ ಮಾದ್ಲೆನ್ ಮಾದೋ ಆಗುವುದುಂಟು, ಕರೋಲೀನ್ ಕಾರೋ ಆಗುವುದುಂಟು. ತಲೆ ಉಳಿಸುವ ಕ್ರಮ ಇಲ್ಲವೇ ಇಲ್ಲ ಎಂದಲ್ಲ. ಆದರೆ ಮನೆಯೊಳಗಿನ ಹಳೆಯ ಮುದ್ದು ಬಹಳ ಮಟ್ಟಿಗೆ ಬಾಲದಲ್ಲಿದೆ.

ಇದಕ್ಕೆ ವಿಕ್ಟರ್ ಹ್ಯೂಗೊನ ಮನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1824ರಲ್ಲಿ ಹುಟ್ಟಿದ ಹಿರಿಮಗಳ ಹೆಸರು ಲಿಯೊಪೋಲ್ದೀನ್. ಹ್ಯೂಗೊನ ತಂದೆ, ಸೇನಾಧಿಕಾರಿ ಲಿಯೊಪೋಲ್ದ್‌ನ ಹೆಸರನ್ನು ಹೆಣ್ಣಿಗೆ ಹೊಂದಿಸಿ ಇಟ್ಟದ್ದು. ಪುಟ್ಟ ಮಗುವಿನ ಮೇಲೆ ಜನರಲ್ಲನ ಕೋಟು ಹೊದಿಸಿದ ಹಾಗೆ. ಮನೆಯಲ್ಲಿ ಅವಳು ದಿದೀನ್. ತಂಗಿ ಅದೆಲ್, ದೆದೆ. ತಮ್ಮ ಫ್ರಾನ್ಸ್ವಾ-ವಿಕ್ತೋರ್, ತೋತೋ. ದಿದೀನ್ ಎನ್ನುವಾಗ ಅಜ್ಜನ ಹೆಸರು ಪೂರ್ತಿ ಕಳಚಿ ಬಿದ್ದು, ಹೆಣ್ಣುಮಗುವಿಗೆಂದು ಸೇರಿಸಿದ ಆ ಕೊನೆಯ ತುಣುಕಷ್ಟೇ ಉಳಿದಿರುವುದನ್ನು ನೋಡಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮದುವೆಯಾದ ವರ್ಷವೇ, 1843ರ ಸೆಪ್ಟೆಂಬರ್ 4ರಂದು ವಿಲ್ಕಿಯೆ ಎಂಬಲ್ಲಿ ಸೇನ್ ನದಿಯಲ್ಲಿ ದೋಣಿ ಮಗುಚಿ ಅವಳು ಗಂಡನೊಡನೆ ಸತ್ತಳು. ತಂದೆ ಅವಳ ಮೇಲೆ ಬರೆದ ಕವಿತೆಗಳನ್ನು ಫ್ರೆಂಚ್ ಮಕ್ಕಳು ಇಂದಿಗೂ ಶಾಲೆಯಲ್ಲಿ ಓದುತ್ತಾರೆ.

1862ರಲ್ಲಿ ಹೊರಬಂದ ‘ಲೆ ಮಿಸೆರಾಬ್ಲ್’ ಕಾದಂಬರಿಯಲ್ಲಿ ಹ್ಯೂಗೊ ಈ ವಿಷಯಕ್ಕೇ ಕೆಲವು ಸಾಲು ಮೀಸಲಿಟ್ಟಿದ್ದಾನೆ. ಎಲ್ಲರೂ ಕೊಝೆತ್ ಎಂದೇ ಬಲ್ಲ ಹುಡುಗಿಯ ನಿಜವಾದ ಹೆಸರು ಎಫ್ರಾಝಿ. ಎಫ್ರಾಝಿಯಿಂದ ಕೊಝೆತ್ ಹೇಗೆ ಬಂತು? ಯಾವ ಭಾಷಾಶಾಸ್ತ್ರವೂ ವಿವರಿಸಲಾರದು, ತಾಯಂದಿರಿಗೂ ಜನಸಾಮಾನ್ಯರಿಗೂ ಸಹಜವಾಗಿ ಬರುವ ವಿದ್ಯೆ ಅದು ಎಂಬರ್ಥದ ಮಾತನ್ನು ಅವನು ಅಲ್ಲಿ ಹೇಳುತ್ತಾನೆ. ತೆಯೊಡೋರ್ ಎಂಬ ಹೆಸರನ್ನು ‘ಞೋನ್’ ಮಾಡಿದ್ದ ಒಬ್ಬ ಅಜ್ಜಿಯನ್ನೂ ನೆನೆಯುತ್ತಾನೆ. ಕೊಝೆತ್‌ಗೆ ಕಾದಂಬರಿಯಲ್ಲಿ ಇನ್ನೊಂದು ಹೆಸರೂ ಇದೆ. ಅವಳು ಜೀತದಂತೆ ದುಡಿಯುವ ಹಳ್ಳಿಯ ಜನ ಅವಳನ್ನು ನೆಲಗುಬ್ಬಿ ಎನ್ನುತ್ತಾರೆ. ತಾಯಿ ಇಟ್ಟದ್ದು ಮುದ್ದಿನ ಹೆಸರು, ಊರು ಇಟ್ಟದ್ದು ಮರುಕದ ಹೆಸರು. ಮುದ್ದು ಹೆಸರು ಇಡುವವರ ಕೈಯಲ್ಲೇ ಪೂರ್ತಿಯಾಗಿ ಇರುವುದಿಲ್ಲ ಎಂಬುದನ್ನು ಇಷ್ಟು ಚಿಕ್ಕ ಜಾಗದಲ್ಲಿ ಬೇರೆ ಯಾರೂ ಹೇಳಿದಂತಿಲ್ಲ.

ಲೇಖಕಿ ಸಿಮೋನ್ ದ ಬೋವಾ ಬೆಳೆದ ಮನೆಯ ಸುತ್ತ ಮೂರು ಬಗೆಯ ಮುದ್ದು ಹೆಸರುಗಳಿದ್ದವು. ತಂಗಿ ಎಲೆನ್‌ಳನ್ನು ಪೂಪೆತ್ ಎನ್ನುತ್ತಿದ್ದರು, ಪುಟ್ಟ ಗೊಂಬೆ ಎಂದು. ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ. ಜೀವದ ಗೆಳತಿ ಎಲಿಝಬೆತ್ ಲಕ್ವೆನ್ ‘ಝಾಝಾ’. ಹೆಸರಿನ ನಡುವಿನ ‘ಝ’ಕಾರವನ್ನು ಎತ್ತಿ ಎರಡು ಸಲ ಆಡಿದರೆ ಝಾಝಾ. 1929ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ತೀರಿಕೊಂಡ ಆ ಗೆಳತಿಯ ಕಥೆಯನ್ನು ಬೋವಾ ಮತ್ತೆ ಮತ್ತೆ ಬರೆದಳು. ಅದೇ 1929ರಲ್ಲಿ ಸಹಪಾಠಿ ರೆನೆ ಮಾಯು ಸಿಮೋನ್‌ಳಿಗೆ ‘ಕಾಸ್ತೋರ್’ ಎಂದು ಹೆಸರಿಟ್ಟ. ಬೋವಾ ಎಂಬ ಮನೆತನದ ಹೆಸರು ಇಂಗ್ಲಿಷಿನ ಬೀವರ್ ಎಂಬ ಪ್ರಾಣಿಯ ಹೆಸರಿಗೆ ಹತ್ತಿರ. ಆ ಪ್ರಾಣಿಯನ್ನು ಫ್ರೆಂಚಿನಲ್ಲಿ ಕಾಸ್ತೋರ್ ಎನ್ನುತ್ತಾರೆ. ಅವಳ ಸಂಗಾತಿ ಸಾರ್ತ್ರ್ 1938ರ ತನ್ನ ಮೊದಲ ಕಾದಂಬರಿಯನ್ನು ಅರ್ಪಿಸಿದ್ದು ಕಾಸ್ತೋರ್‌ಗೆ. ಮನೆಯವರ ಕಣ್ಣು, ಮಗುವಿನ ನಾಲಗೆ, ಗೆಳೆಯರ ತಲೆ ಹೀಗೆ ಮೂರು ಕಡೆಯಿಂದ ಮುದ್ದು ಹೆಸರು ಬರುತ್ತದೆ. ಮೂರರಲ್ಲಿ ಮನೆಯವರ ಕೈಯಲ್ಲಿರುವುದು ಮೊದಲನೆಯದು ಮಾತ್ರ.

ಝಾಝಾ ಎಂಬ ಆ ದಾರಿ ಇನ್ನೂ ಮುಚ್ಚಿಲ್ಲ. ಇಂದು ಫ್ರಾನ್ಸಿನಲ್ಲಿ ‘ಝಾಝಿ’ ಮತ್ತು ‘ಝಾಝ್’ ಎಂಬ ಇಬ್ಬರು ಗಾಯಕಿಯರು ಹೆಸರಾಗಿದ್ದಾರೆ. ಹುಟ್ಟುಹೆಸರಿನಲ್ಲಿ ಇಬ್ಬರೂ ಇಝಬೆಲ್‌ಗಳೇ.

ಬಾಲವನ್ನು ಉಳಿಸುವುದರ ಜೊತೆಗೆ ಬಾಲ ಜೋಡಿಸುವ ಕ್ರಮವೂ ಇದೆ. ಹಳೆಯ ಎರಡು ಬಾಲಗಳು ‘ಓನ್’ ಮತ್ತು ‘ಎತ್’. ಸುಝಾನ್‌ಗೆ ಸುಝೋನ್, ಸುಝೆತ್. ಲೂಯೀಝ್‌ಗೆ ಲೂಯಿಝೋನ್, ಲೂಯಿಝೆತ್. ಎಲಿಝಬೆತ್‌ಗೆ ಲಿಝೋನ್, ಲಿಝೆತ್, ಬಾಬೆತ್. ಎರಡೂ ಚಿಕ್ಕದು ಎನ್ನುವುದನ್ನೇ ಹೇಳುತ್ತವೆ, ಆದರೆ ಅವುಗಳ ಅದೃಷ್ಟ ಬೇರೆ ಬೇರೆಯಾಯಿತು.

‘ಓನ್’ ಬಾಲದವು ಒಂದು ಕಾಲದಲ್ಲಿ ಹಳ್ಳಿಯವರ, ಮನೆಗೆಲಸದವರ ಹೆಸರು ಅನಿಸುತ್ತಿದ್ದವು. ಮೊಲಿಯೇರ್ 1659ರಲ್ಲಿ ರಂಗಕ್ಕೆ ತಂದ ‘ಲೆ ಪ್ರೆಸಿಯೋಝ್ ರಿದಿಕ್ಯೂಲ್’ ನಾಟಕದಲ್ಲಿ ಪ್ಯಾರಿಸಿಗೆ ಬಂದ ಇಬ್ಬರು ಹುಡುಗಿಯರಿಗೆ ತಮ್ಮ ಹೆಸರೇ ನಾಚಿಕೆ. ಒಬ್ಬಳು ಮಾದ್ಲೆನ್‌ನಿಂದ ಬಂದ ಮಾದೆಲೋನ್, ಇನ್ನೊಬ್ಬಳು ಕಾತರೀನ್‌ನಿಂದ ಬಂದ ಕಾತೋ. ಇಬ್ಬರೂ ಅವನ್ನು ಬಿಟ್ಟು ಪೊಲಿಕ್ಸೆನ್, ಅಮಿಂತ್ ಎಂದು ಠೀವಿಯ ಹೆಸರಿಟ್ಟುಕೊಳ್ಳುತ್ತಾರೆ. ಆ ತಿರಸ್ಕಾರವೆಲ್ಲ ಈಗ ಸವೆದುಹೋಗಿದೆ. ಮರೀಯಿಂದ ಬಂದ ಮನೋನ್ ಮತ್ತು ಮರಿಯೋನ್, ಮಾರ್ಗರೀತ್‌ನಿಂದ ಬಂದ ಮಾರ್ಗೋ 1990ರ ದಶಕದಲ್ಲಿ ನೇರವಾಗಿ ಜನನ ದಾಖಲೆಯ ಹೆಸರುಗಳೇ ಆದವು. ಚರಿತ್ರೆ ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಕ್ರಾಂತಿಯ ಕಾಲದ ಮದಾಮ್ ರೋಲಾಂ ತವರಿನಲ್ಲಿ ಮನೋನ್ ಆಗಿದ್ದಳು. 17ನೇ ಶತಮಾನದ ಆನ್ ದ ಲಾಂಕ್ಲೋಳನ್ನು ಜಗತ್ತು ಬಲ್ಲದ್ದೇ ನಿನೋನ್ ಎಂದು. ರಾಜಕುಮಾರಿ ಮಾರ್ಗರೀತ್ ದ ವಾಲ್ವಾ, ದ್ಯೂಮಾ 1845ರಲ್ಲಿ ಬರೆದ ಕಾದಂಬರಿಯಿಂದಾಗಿ, ಶಾಶ್ವತವಾಗಿ ರಾಣಿ ಮಾರ್ಗೋ.

‘ಎತ್’ ಬಾಲದವು ಇನ್ನೊಂದು ದಾರಿ ಹಿಡಿದವು. 1920ರಿಂದ 1940ರ ದಶಕದವರೆಗೆ ಪೊಲೆತ್, ಝೋರ್ಝೆತ್, ಜಿನೆತ್, ಜೋಝೆತ್‌ಗಳು ಮುದ್ದು ಹೆಸರಿನ ಸ್ಥಾನದಿಂದ ಏರಿ ಪೂರ್ಣ ಹೆಸರಾದವು. ಆ ತಲೆಮಾರಿಗೆ ವಯಸ್ಸಾದಂತೆ ಬಾಲಕ್ಕೂ ವಯಸ್ಸಾಯಿತು. ಕೊಲೆತ್, ಒದೆತ್ ಈಗ ಮೆಲ್ಲಗೆ ಮತ್ತೆ ಕೇಳಿಸುತ್ತಿವೆ. ಜಿನೆತ್ ಎಂದರೆ ಮಾತ್ರ ಇಂದಿಗೂ ಕಣ್ಣ ಮುಂದೆ ಬರುವುದು ಅಜ್ಜಿಯೇ. ಹಾಗಾಗಿ ಜೆನ್ವಿಯೆವ್ ಎಂದು ಹೆಸರಿಟ್ಟವರು ಮಗುವನ್ನು ಜಿನೆತ್ ಎಂದು ಕರೆಯುವ ಮುನ್ನ ಯೋಚಿಸಿದರೆ ಒಳ್ಳೆಯದು. ಅದರೊಳಗೇ ವಿವಿ ಇದೆ, ಎವ್ ಇದೆ.

ಯೋಚನೆ ಬೇಕಾಗುವ ಇನ್ನೂ ಗಂಭೀರವಾದ ಜಾಗವೊಂದಿದೆ. ಹೆಣ್ಣಿನ ಮುದ್ದು ಹೆಸರುಗಳನ್ನು ಬೀದಿ ಎಷ್ಟು ಸುಲಭವಾಗಿ ಕೆಡಿಸಿತು ಎಂಬುದು ಫ್ರೆಂಚ್ ನಿಘಂಟಿನ ಒಂದು ನೋವಿನ ಅಧ್ಯಾಯ. ಕಾತೆನ್ ಎಂಬುದು ಕಾತರೀನ್‌ಗೆ ಪ್ರೀತಿಯ ಮೊಟಕು ರೂಪ. ಮೊದಲು ಹಳ್ಳಿ ಹುಡುಗಿ ಎಂಬರ್ಥ ತಾಳಿತು, ಆಮೇಲೆ ಸೂಳೆ ಎಂಬ ಬೈಗುಳವಾಯಿತು. ವಿಚಿತ್ರವೆಂದರೆ ಅಟ್ಲಾಂಟಿಕ್ ದಾಟಿ ಕ್ವಿಬೆಕ್‌ಗೆ ಹೋದ ಅದೇ ಮಾತು ಅಲ್ಲಿ ಮಕ್ಕಳಾಡುವ ಗೊಂಬೆಯ ಹೆಸರಾಗಿ ಉಳಿಯಿತು. ಮಾರ್ಗರೀತ್‌ನ ಇನ್ನೊಂದು ಮೊಟಕು ಗೋತೋನ್, ಅದಕ್ಕೂ ಇದೇ ಗತಿ. ಆನ್ನಾದಿಂದ ಬಂದದ್ದು ನಾನಾ. ಎಮಿಲ್ ಝೋಲಾ 1880ರಲ್ಲಿ ಅದೇ ಹೆಸರಿನ ಕಾದಂಬರಿಯಲ್ಲಿ ಒಬ್ಬ ವೇಶ್ಯೆಯ ಬದುಕು ಬರೆದ. ಇಂದು ‘ನಾನಾ’ ಎಂದರೆ ಬೀದಿಮಾತಿನಲ್ಲಿ ಯಾವುದೋ ಒಬ್ಬ ಹೆಂಗಸು. ಝೋರ್ಝೆತ್‌ನಿಂದ ಸಹಜವಾಗಿ ಬರುವ ಝೆಝೆತ್ ಎಂಬುದು ಎಳೆಯ ಮಕ್ಕಳ ಮಾತಿನಲ್ಲಿ ಗುಪ್ತಾಂಗದ ಹೆಸರು. ತಿತೀನ್ ಎಂದು ಫ್ರೆಂಚರು ತಮ್ಮ ಹಳೆಯ ಕಾರನ್ನೂ ಮುದ್ದಿನಿಂದ ಕರೆಯುತ್ತಾರೆ, ಇದರಲ್ಲಿ ಕೆಡುಕಿಲ್ಲ. ಮನೆಗೆ ಮುದ್ದಾಗಿ ಕೇಳಿದ್ದನ್ನು ಹನ್ನೆರಡು ವರ್ಷದ ಮಕ್ಕಳ ಗುಂಪೊಂದು ಶಾಲೆಯ ಅಂಗಳದಲ್ಲಿ ಕೂಗಿದರೆ ಹೇಗಿರುತ್ತದೆ ಎಂದು ಪೋಷಕರು ಮೊದಲೇ ಕೇಳಿಕೊಳ್ಳಬೇಕು. ಹೆಸರನ್ನು ಹೊತ್ತು ಆ ಅಂಗಳದಲ್ಲಿ ನಿಲ್ಲುವವಳು ಮಗು. ಕನ್ನಡ ಮನೆಯಲ್ಲಿ ಹುಟ್ಟಿ ಫ್ರಾನ್ಸಿನಲ್ಲೋ ಕ್ವಿಬೆಕ್‌ನಲ್ಲೋ ಬೆಳೆಯುವ ಮಗುವಿನ ವಿಚಾರದಲ್ಲಂತೂ ಈ ಪರೀಕ್ಷೆ ಎರಡೂ ಭಾಷೆಗಳಲ್ಲಿ ನಡೆಯಬೇಕು, ಊರಿನ ಅಜ್ಜಿಗೂ ಆ ಹೆಸರು ಕೂಗಲು ಬರಬೇಕು. ಲೂಲೂ, ಮಿಮಿ, ಲಿಲಿ ಎಲ್ಲರ ಬಾಯಿಗೂ ಸಲೀಸು.

ಎರಡು ಹೆಸರು ಸೇರಿಸಿ ಇಡುವ ಹಳೆಯ ಪದ್ಧತಿ ಪಾಲಿಸುವವರಿಗೆ ಇನ್ನೊಂದು ಸೌಕರ್ಯವಿದೆ. ಮರೀ-ತೆರೆಝ್ ಬೆಸೆದು ಮಾಯಿತೆ, ಮರೀ-ಎಲೆನ್ ಬೆಸೆದು ಮಾರ್ಲೆನ್, ಮರೀ-ಲೂಯೀಝ್ ಬೆಸೆದು ಮಾಲೂ. ಪ್ರಾಂತ್ಯಗಳದ್ದು ಅವರವರದೇ ರೀತಿ. ಬ್ರಿತಾನ್ಯದಲ್ಲಿ ಫ್ರಾನ್ಸ್ವಾಝ್‌ಳನ್ನು ಸ್ವಾಝಿಕ್, ಆನ್‌ಳನ್ನು ಆನಿಕ್ ಎನ್ನುತ್ತಾರೆ. ಜರ್ಮನ್ ನೆರೆಯ ಅಲ್ಸಾಸ್‌ನಲ್ಲಿ ಸುಝಾನ್ ಸುಝೆಲ್. ಮಗುವಿನ ತಂದೆಯೋ ತಾಯಿಯೋ ಆ ಕಡೆಯವರಾದರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ.

ಇಷ್ಟೊಂದು ಮುದ್ದು ಹೆಸರುಗಳು ಅಷ್ಟು ಕಾಲ ಮನೆಯೊಳಗೇ ಏಕೆ ಉಳಿದವು ಎಂಬುದಕ್ಕೆ ಕಾನೂನೂ ಒಂದು ಕಾರಣ. ನೆಪೋಲಿಯನ್‌ನ ಆಡಳಿತದಲ್ಲಿ, 1803ರ ಏಪ್ರಿಲ್ 1ರಂದು ಬಂದ ಕಾಯಿದೆಯ ಪ್ರಕಾರ ಮಗುವಿಗೆ ಇಡಬಹುದಾದದ್ದು ಪಂಚಾಂಗಗಳಲ್ಲಿರುವ ಹೆಸರು, ಇಲ್ಲವೇ ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರು. ಪಂಚಾಂಗ ಎಂದರೆ ಮುಖ್ಯವಾಗಿ ಕ್ರೈಸ್ತ ಸಂತರ ದಿನಗಳ ಪಟ್ಟಿ. ಊರಿನ ನೋಂದಣಿ ಅಧಿಕಾರಿ ಒಪ್ಪದಿದ್ದರೆ ಹೆಸರಿಲ್ಲ. ನೋಂದಣಿ ಪುಸ್ತಕದಲ್ಲಿ ಸಂತಳ ಹೆಸರು ಬರೆಸಿ ಬಂದವರು ಮನೆ ಬಾಗಿಲು ದಾಟಿದ ಮೇಲೆ ತಮ್ಮಿಷ್ಟದಂತೆ ಕರೆದರು. ಅಲ್ಲಿ ಅಧಿಕಾರಿ ಇರಲಿಲ್ಲ. 1966ರಲ್ಲಿ ಸರ್ಕಾರ ಹೊರಡಿಸಿದ ಸೂಚನೆ, ರೂಢಿಗೆ ಬಂದಿದ್ದ ಜಿನೆತ್, ಆನಿ, ಮಾಯಿತೆಯಂಥ ಮೊಟಕು ರೂಪಗಳನ್ನು ಒಪ್ಪಬಹುದು ಎಂದು ಅಧಿಕಾರಿಗಳಿಗೆ ತಿಳಿಸಿತು. 1993ರ ಜನವರಿ 8ರ ಕಾನೂನು ಆಯ್ಕೆಯನ್ನು ಪೋಷಕರಿಗೇ ಬಿಟ್ಟಿತು. ಹೆಸರು ಮಗುವಿನ ಹಿತಕ್ಕೆ ವಿರುದ್ಧ ಎನಿಸಿದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ, ಫ್ರೆಝ್‌ಳದ್ದು ಹೋದ ಹಾಗೆ.

ಆ ಬಿಗಿ ಕಾಯಿದೆಯ ನೆಪೋಲಿಯನ್ ಸ್ವಂತ ಬದುಕಿನಲ್ಲಿ ಮಾಡಿದ್ದೇ ಬೇರೆ. ಅವನ ಹೆಂಡತಿಯ ಹೆಸರು ಮರೀ-ಜೋಸೆಫ್-ರೋಝ್. ತವರಿನವರಿಗೆ ಅವಳು ರೋಝ್. ಜೋಸೆಫೀನ್ ಎಂದು ಕರೆದವನು ಅವನು. ಪ್ರೀತಿಯಲ್ಲಿ ಕರೆದ ಹೆಸರಿನಿಂದಲೇ ಅವಳು 1804ರ ಡಿಸೆಂಬರ್ 2ರಂದು ಸಾಮ್ರಾಜ್ಞಿಯಾಗಿ ಕಿರೀಟ ಧರಿಸಿದಳು. ನಾವು ಇಂದು ಹಳೆಯ, ಘನವಾದ ಫ್ರೆಂಚ್ ಹೆಸರು ಎಂದು ಆಯ್ದುಕೊಳ್ಳುವ ಜೋಸೆಫೀನ್ ಅವಳ ಪಾಲಿಗೆ ಮುದ್ದು ಹೆಸರೇ ಆಗಿತ್ತು. 1914ರಲ್ಲಿ ಕವಿ ಅಪೊಲಿನೇರ್ ಪ್ರೀತಿಸಿದ ಲೂಯೀಝ್‌ಳನ್ನು ಅವನ ಕವಿತೆಗಳು ‘ಲೂ’ ಎಂದು ಕರೆದವು. ಈಗ ಲೂ ಎಂಬ ಒಂದೇ ಅಕ್ಷರವನ್ನೇ ಪೂರ್ಣ ಹೆಸರಾಗಿ ಬರೆಸುವವರಿದ್ದಾರೆ.

ಹಾಗೆ ಬರೆಸುವುದು ನನಗೆ ಅಷ್ಟು ಇಷ್ಟವಿಲ್ಲ. ಲೂಯೀಝ್ ಎಂದು ಬರೆಸಿದರೆ ಹುಡುಗಿಯ ಬಳಿ ಲೂ, ಲೂಲೂ, ಲೂಯಿಝೋನ್, ಲೂಯಿಝೆತ್ ಎಲ್ಲವೂ ಇರುತ್ತವೆ. ನಲವತ್ತನೆಯ ವಯಸ್ಸಿನಲ್ಲಿ ನ್ಯಾಯಾಧೀಶೆಯಾಗಿ ಕುಳಿತಾಗ ಸಹಿ ಹಾಕಲು ಲೂಯೀಝ್ ಇರುತ್ತದೆ. ಲೂ ಎಂದಷ್ಟೇ ಬರೆಸಿದರೆ ಆ ಉಳಿದದ್ದನ್ನೆಲ್ಲ ನಾವೇ ಮೊದಲ ದಿನ ಕಿತ್ತುಕೊಂಡಂತೆ. ಉದ್ದನೆಯ ಹಳೆಯ ಹೆಸರಿನ ದೊಡ್ಡ ಗುಣವೇ ಅದರೊಳಗೆ ಹಲವರು ವಾಸಿಸಬಹುದು ಎನ್ನುವುದು. ಸುಝಾನ್ ಎಂದು ಇಡುವಾಗಲೇ ಸುಝೋನ್, ಸುಝಿ, ಝೆತ್, ಝಾಝಾ ಯಾವುದು ಬಂದರೂ ನಮಗೆ ಒಪ್ಪಿಗೆಯೇ ಎಂದು ಗಂಡ ಹೆಂಡತಿ ಮಾತಾಡಿಕೊಂಡರೆ ಸಾಕು. ತಿಂಗಳು ತುಂಬುವ ಮೊದಲೇ ಒಂದನ್ನು ಆರಿಸಿ ಎಲ್ಲರ ಮೇಲೆ ಹೇರುವುದು ಬೇಡ. ಎರಡು ವರ್ಷದ ಅಣ್ಣನಿಗೆ ತಂಗಿಯ ಹೆಸರು ಹೇಗೆ ಹೇಳಲು ಬರುತ್ತದೋ ಕಾದು ಕೇಳಿ. ಅವನ ಬಾಯಿಗೆ ಬಂದದ್ದು ನಿಮ್ಮ ಪಟ್ಟಿಯಲ್ಲಿ ಇಲ್ಲದಿರಬಹುದು, ಹ್ಯೂಗೊ ಕಂಡ ಅಜ್ಜಿಯ ಞೋನ್‌ನಂತೆ ಅದಕ್ಕೆ ತಲೆಬುಡವೇ ಇಲ್ಲದಿರಬಹುದು. ಅದನ್ನೇ ಇಟ್ಟುಕೊಳ್ಳಿ.

ಕಾನೂನು ಕೂಡ ಈಗ ಇದಕ್ಕೆ ಅನುಕೂಲವಾಗಿದೆ. ಜನನ ಪತ್ರದಲ್ಲಿ ಎರಡು ಮೂರು ಹೆಸರು ಬರೆಸಿದ್ದರೆ ಅವುಗಳಲ್ಲಿ ಯಾವುದನ್ನಾದರೂ ದಿನಬಳಕೆಯ ಹೆಸರಾಗಿ ಆರಿಸಿಕೊಳ್ಳಬಹುದು ಎಂದು ಫ್ರೆಂಚ್ ನಾಗರಿಕ ಸಂಹಿತೆಯ 57ನೇ ವಿಧಿ ಹೇಳುತ್ತದೆ. ಮುದ್ದು ಹೆಸರೇ ಬದುಕಿಡೀ ಅಂಟಿಕೊಂಡಿದ್ದರೆ ಅದನ್ನು ಅಧಿಕೃತ ಮಾಡಿಸುವ ದಾರಿಯೂ ಇದೆ. 2016ರ ನವೆಂಬರ್‌ನ ಕಾನೂನಿನ ನಂತರ ಇದಕ್ಕೆ ಕೋರ್ಟಿಗೆ ಅಲೆಯಬೇಕಿಲ್ಲ. ಪುರಸಭೆಯ ನೋಂದಣಿ ಅಧಿಕಾರಿಗೆ ಅರ್ಜಿ ಕೊಟ್ಟು, ಬಹುಕಾಲದಿಂದ ಆ ಹೆಸರಿನಿಂದಲೇ ಕರೆಯುತ್ತಿದ್ದಾರೆ ಎನ್ನುವುದಕ್ಕೆ ಶಾಲೆಯ ಕಾಗದ, ಕೆಲಸದ ಕಾಗದ, ಬಂಧುಮಿತ್ರರ ಹೇಳಿಕೆಗಳನ್ನು ಲಗತ್ತಿಸಬೇಕು. ಮಗು ಚಿಕ್ಕದಿದ್ದರೆ ಅರ್ಜಿ ಹಾಕುವವರು ತಂದೆ ತಾಯಿ. ಹದಿಮೂರು ದಾಟಿದ್ದರೆ ಅವಳೇ ಒಪ್ಪಿ ಹೇಳಬೇಕು.